ಟವಲ್ಲಿನ ಕೆಳಗೆ ಒಂದು ಕಡಲೂರು

ಈ ಪ್ರವಾಸಕ್ಕೆ ನನಗೆ ತಗುಲಿದ್ದು ಒಂದು ಜೋಡಿ ಹಳ್ಳಿಕಾರ್ ಎತ್ತು, ಅರಿಶಿನಕುಂಟೆಯಲ್ಲಿ ರಸ್ತೆಗೆ ಅಂಟಿಕೊಂಡಿದ್ದ ಒಂದು ತುಂಡು ಜಾಗ, ಮತ್ತು ಹೆಂಡತಿಯ ಮಾತು. ಎತ್ತುಗಳನ್ನು ಮುಂದಿನ ವರ್ಷವೇ ಮತ್ತೆ ಕಟ್ಟಿದೆ. ಜಾಗ ಹೋದದ್ದು ಹೋಯಿತು. ಅಲ್ಲಿ ಈಗ ಲಾರಿ ರಿಪೇರಿ ಶೆಡ್ ಎದ್ದಿದೆ, ಬಸ್ಸಿನಲ್ಲಿ ಆ ಕಡೆ ಹೋಗುವಾಗ ನಾನು ಎದುರು ಬದಿಯ ಕಿಟಕಿ ನೋಡುತ್ತೇನೆ. ಹೆಂಡತಿಯ ಮಾತು ನಾನು ವಾಪಸು ಬಂದ ದಿನ ಬಡ್ಡಿ ಸಮೇತ ಬಂತು.

ಇಷ್ಟೆಲ್ಲ ಸುರಿದದ್ದು ಹಳೆಯ ಮಗ್ಗ ಕೊಳ್ಳುವುದಕ್ಕೆ. ನಾನು ತ್ಯಾಮಗೊಂಡ್ಲು ಕಡೆಯವನು. ಮೀಸೆ ಚಿಗುರುವ ಮುಂಚೆ ದನದ ದಲ್ಲಾಳಿಯಾದೆ, ಸಂತೆಯಿಂದ ಸಂತೆಗೆ ನಡೆದೇ ಕಾಲು ಗಟ್ಟಿ ಮಾಡಿಕೊಂಡೆ, ಉಳಿಸಿದ್ದರಲ್ಲಿ ದೊಡ್ಡಬಳ್ಳಾಪುರದಲ್ಲಿ ಎರಡು ಪವರ್ ಲೂಮ್ ಹಾಕಿದೆ. ಆ ವರ್ಷಗಳಲ್ಲಿ ಹೊಸ ಮಗ್ಗ ಬೇಕೆಂದರೆ ಅಪ್ಪ ಅರ್ಜಿ ಹಾಕಿ ಮಗ ತರಬೇಕು, ಹಾಗಿತ್ತು. ಅಷ್ಟರಲ್ಲಿ ಬೊಂಬಾಯಿಯ ಏಜೆಂಟ್ ಒಬ್ಬ ಬಂದು, ಇಂಗ್ಲೆಂಡಿನಲ್ಲಿ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚುತ್ತಿವೆ, ಮಗ್ಗಗಳನ್ನು ಗುಜರಿಗೆ ಹಾಕುತ್ತಿದ್ದಾರೆ, ಹೋಗಿ ನೋಡಿದವನಿಗೆ ಲಾಭ ಎಂದ. ನಾವು ನಾಲ್ಕು ಜನ ಮಗ್ಗದವರು ಕೂಡಿಕೊಂಡೆವು. ಹೋಗುವವನು ನಾನೇ ಎಂದು ಮೂವರೂ ತೀರ್ಮಾನಿಸಿದರು.

"ನಂಗೆ ಇಂಗ್ಲಿಷ್ ಬರಲ್ಲ ಕಣ್ರಯ್ಯ" ಎಂದೆ.

ನನ್ನ ಪಾಲುದಾರ ಸಣ್ಣರಂಗಪ್ಪ ಬೀಡಿ ಆರಿಸಿ ಹೇಳಿದ: "ಎತ್ತಿಗೆ ಕನ್ನಡ ಬರುತ್ತೇನಣ್ಣ? ಅಷ್ಟು ವರ್ಷದಿಂದ ನೀನು ಕೊಂಡ್ಕಂಡು ಬರ್ತಿಲ್ವಾ?"

ದಂಡಿನ ಪ್ರದೇಶಕ್ಕೆ ಹುಲ್ಲು ಹೊಡೆಯುತ್ತಿದ್ದ ಕಾಲದಲ್ಲಿ ಕಲಿತ ಹತ್ತಿಪ್ಪತ್ತು ಇಂಗ್ಲಿಷ್ ಮಾತು ಇತ್ತು. ಅದನ್ನೇ ನಂಬಿ ಹೊರಟೆ. ವಿಮಾನದ ವಿಷಯ ನಾನು ಬರೆಯುವುದಿಲ್ಲ. ಹತ್ತಿದೆ, ಇಳಿದೆ.

ಮಿಲ್ಲಿನ ಊರು

ಮಿಲ್ಲಿನ ಊರಿಗೆ ರೈಲಿನಲ್ಲಿ ಬಂದಿಳಿದರೆ ನಿಲ್ದಾಣದಲ್ಲಿ ನರಪಿಳ್ಳೆ ಇಲ್ಲ. ಬೀದಿಯಲ್ಲೂ ಇಲ್ಲ. ಅಂಗಡಿಗಳು ಮುಚ್ಚಿದ್ದವು. ಕಣ್ಣು ಹಾಯಿಸಿದಲ್ಲೆಲ್ಲ ಇಟ್ಟಿಗೆಯ ಹೊಗೆ ಕೊಳವೆಗಳು, ಒಂದರಲ್ಲೂ ಹೊಗೆ ಇಲ್ಲ. ಸಾಲು ಸಾಲು ಮನೆ, ಎಲ್ಲದಕ್ಕೂ ಪರದೆ ಎಳೆದಿತ್ತು. ಒಂದು ನಾಯಿ ನನ್ನನ್ನು ನೋಡಿ ಬೊಗಳುವುದೋ ಬೇಡವೋ ಎಂದು ಯೋಚಿಸಿ ಸುಮ್ಮನಾಯಿತು.

ನಮ್ಮ ಕಡೆ ಊರಿಗೆ ಊರೇ ಬಾಗಿಲು ಹಾಕಿದರೆ ಯಾರೋ ದೊಡ್ಡವರು ಹೋಗಿಬಿಟ್ಟರು ಎಂದು ಅರ್ಥ. ಮಿಲ್ಲಿನ ಯಜಮಾನನೇ ಹೋದನೋ ಏನೋ ಎಂದು ಹೆದರಿದೆ. ಗೇಟಿನಲ್ಲಿ ಒಬ್ಬ ಮುದಿ ಕಾವಲುಗಾರ ನಿಂತಿದ್ದ. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತೆ. ಅವನೂ ಟೋಪಿ ತೆಗೆದು ತಲೆ ತಗ್ಗಿಸಿದ. ಇಬ್ಬರೂ ಹಾಗೇ ನಿಂತೆವು. ಸಾಕಾದಷ್ಟು ದುಃಖಿಸಿದ ಮೇಲೆ, "ಯಾರು ಸತ್ತಿದ್ದು?" ಎಂಬುದನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಗಾಬರಿಯಾಗಿ, ತನಗೆ ಗೊತ್ತಿಲ್ಲ, ನೀವು ದುಃಖದಲ್ಲಿದ್ದ ಹಾಗೆ ಕಂಡಿತು, ಒಬ್ಬರನ್ನೇ ಬಿಡುವುದು ಸರಿಯಲ್ಲ ಎಂದು ಟೋಪಿ ತೆಗೆದೆ ಎಂದ. ಇದನ್ನು ನನಗೆ ತಿಳಿಸುವಷ್ಟರಲ್ಲಿ ಅವನ ಕೈ ಕಾಲು ಮುಖ ಎಲ್ಲಕ್ಕೂ ಕೆಲಸ ಬಿತ್ತು.

ವಿಷಯ ಏನೆಂದರೆ, ಅಲ್ಲಿ ಮಿಲ್ಲುಗಳಿಗೆಲ್ಲ ವರ್ಷಕ್ಕೆ ಒಂದೇ ವಾರ, ಒಟ್ಟಿಗೇ ರಜಾ. ಆ ವಾರ ಇಡೀ ಊರು ಸಮುದ್ರದ ದಡಕ್ಕೆ ಹೋಗಿ ಕೂರುತ್ತದೆ. ಯಜಮಾನನೂ, ಕೂಲಿಯವರೂ, ಅಂಗಡಿಯವನೂ. ಅವನು ಪಡುವಣ ದಿಕ್ಕಿಗೆ ಕೈ ತೋರಿಸಿದ. ನಾನು ಅದೇ ರೈಲಿಗೆ ಮತ್ತೆ ಹತ್ತಿದೆ.

ಮರಳಿನ ಮೇಲೆ

ಸಮುದ್ರ ಹೀಗಿರುತ್ತದೆ ಎಂದು ನಾನು ಭಾವಿಸಿರಲಿಲ್ಲ. ಗೋಣಿಚೀಲದ ಬಣ್ಣ. ಶಿವಗಂಗೆ ಬೆಟ್ಟದ ತುದಿಯಲ್ಲಿ ಬೀಸುವ ಗಾಳಿಗೆ ನಾಲ್ಕು ಕಾಲು ಕೊಟ್ಟು ಬಿಟ್ಟರೆ ಎಷ್ಟೋ ಅಷ್ಟು ಗಾಳಿ. ಆ ಗಾಳಿಯಲ್ಲಿ ಜನ ಕೋಟು ಹಾಕಿಕೊಂಡು, ಕತ್ತಿಗೆ ಉಣ್ಣೆ ಬಟ್ಟೆ ಸುತ್ತಿಕೊಂಡು ಐಸ್ ಕ್ರೀಮ್ ತಿನ್ನುತ್ತ ಕುಳಿತಿದ್ದರು. ನಡುಗುತ್ತ ತಿಂದು, "ಚೆನ್ನಾಗಿದೆ ಅಲ್ಲವೇ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಊರಿನ ಬೀದಿಯಲ್ಲಿ ಅಕ್ಕಪಕ್ಕದ ಮನೆಯವರು ಇಲ್ಲಿ ಮರಳಿನ ಮೇಲೂ ಅಕ್ಕಪಕ್ಕದಲ್ಲೇ ಕೂತಿದ್ದರು. ಊರನ್ನು ಮಡಿಸಿ ತಂದು ಇಲ್ಲಿ ಬಿಚ್ಚಿ ಹಾಕಿದ ಹಾಗೆ.

ಕೂರುವುದಕ್ಕೂ ಬಾಡಿಗೆ. ಬಟ್ಟೆ ಕಟ್ಟಿದ ಮಡಚುವ ಕುರ್ಚಿ ಇಟ್ಟುಕೊಂಡು ಒಬ್ಬ ಚೀಟಿ ಹರಿಯುತ್ತಿದ್ದ. ಎಷ್ಟು ಎಂದು ಕೇಳಿದೆ, ಹೇಳಿದ. ಅರ್ಧಕ್ಕೆ ಕೊಡು ಎಂದೆ. ಅವನ ಆಯುಸ್ಸಿನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಚೀಟಿಯ ಮೇಲೆ ಅಚ್ಚಾಗಿದ್ದ ದರವನ್ನು ತೋರಿಸಿದ. ಅಚ್ಚು ಹಾಕಿದವನು ಮಳೆ ಬರುವುದಕ್ಕೆ ಮುಂಚೆ ಹಾಕಿದ್ದು ಎಂದು ನಾನು ಆಕಾಶ ತೋರಿಸಿದೆ. ಅವನು ಆಕಾಶ ನೋಡಿದ, ಚೀಟಿ ನೋಡಿದ, ಒಂದರ ದುಡ್ಡಿಗೆ ಎರಡು ಕುರ್ಚಿ ಕೊಟ್ಟು ದೂರ ಹೋಗಿ ನಿಂತ. ಒಂದರಲ್ಲಿ ನಾನು ಕೂತೆ, ಇನ್ನೊಂದರಲ್ಲಿ ಪೆಟ್ಟಿಗೆ ಕೂರಿಸಿದೆ.

ಮಿಲ್ಲಿನ ಯಜಮಾನ ಸುಲಭವಾಗಿ ಸಿಕ್ಕಿದ. ಷರಾಯಿ ಮಂಡಿಗೆ ಮಡಿಸಿ, ಮುಖದ ಮೇಲೆ ಪೇಪರು ಮುಚ್ಚಿಕೊಂಡು ಮಲಗಿದ್ದ. ಮಗ್ಗ ಎಂದೆ. ಪೇಪರಿನ ಕೆಳಗಿನಿಂದಲೇ ಕೈ ಎತ್ತಿ, ರಜಾ ಎಂದ. ದುಡ್ಡು ತಂದಿದ್ದೇನೆ ಎಂದೆ. ರಜಾ ಎಂದ. ಸೋಮವಾರ ಮಿಲ್ಲಿಗೆ ಬಾ ಎಂದು ಮತ್ತೆ ಮಲಗಿದ. ಆರು ಸಾವಿರ ಮೈಲಿಯಿಂದ ಬಂದ ಗಿರಾಕಿಯನ್ನು ಪೇಪರು ಸರಿಸಿ ನೋಡದ ವ್ಯಾಪಾರಿಯನ್ನು ನಾನು ಅವತ್ತೇ ಕಂಡದ್ದು. ಮಿಲ್ಲು ಯಾಕೆ ಮುಚ್ಚುತ್ತಿದೆ ಎಂದು ನನಗೆ ಆಗಲೇ ಅರ್ಥವಾಯಿತು.

ಡೋರಮ್ಮನ ಮನೆ

ಸೋಮವಾರದವರೆಗೆ ಎಲ್ಲಿ ಇರುವುದು? ಕುರ್ಚಿಯವನೇ, ಎದುರಿನ ಸಾಲಿನಲ್ಲಿ ನಿಮ್ಮ ದೇಶದಿಂದ ಬಂದ ಹೆಂಗಸು ರೂಮು ಕೊಡುತ್ತಾಳೆ ಎಂದು ಕೈ ತೋರಿಸಿದ. ನಾನು ದೂರ ಹೋಗಲಿ ಎಂದು ಹೇಳಿದನೋ ಏನೋ.

ಸಮುದ್ರಕ್ಕೆ ಮುಖ ಮಾಡಿ, ಮೈಗೆ ಮೈ ಅಂಟಿಸಿಕೊಂಡು ನಿಂತ ಎಂಟು ಮನೆ. ಮೂರು ಅಂತಸ್ತು, ಅಗಲ ಮಾತ್ರ ಎತ್ತಿನಗಾಡಿಯಷ್ಟು. ಎಲ್ಲ ಕಿಟಕಿಯಲ್ಲೂ ಒಂದೇ ತರಹದ ಕೆಂಪು ಹಲಗೆ. ನಡುವಿನ ಮನೆ ತಟ್ಟಿದೆ. ಬಾಗಿಲು ತೆಗೆದದ್ದು ಅರವತ್ತರ ಹತ್ತಿರದ ಬಿಳಿ ಹೆಂಗಸು. ನನ್ನ ಪಂಚೆ, ಕೋಟು, ಹೆಗಲ ಮೇಲಿನ ಟವಲ್ಲು ಎಲ್ಲ ಮೇಲಿಂದ ಕೆಳಗೆ ನೋಡಿ ಹೇಳಿದಳು:

"ಏಯ್. ಎಲ್ಲಿಂದ ಬಂದೆ? ಮೆಟ್ಟು ತೆಗಿ. ಒಳಗೆ ಬಾ. ಕೂತ್ಕೋ."

ಆರು ಸಾವಿರ ಮೈಲಿ ದಾಟಿ ಬಂದು ಕನ್ನಡ ಕೇಳಿದ ಸಂತೋಷ ಒಂದು ಕಡೆ, ಐವತ್ತರ ಗಂಡಸನ್ನು "ಏಯ್" ಎಂದಳಲ್ಲ ಎಂಬ ಸಿಟ್ಟು ಒಂದು ಕಡೆ. ಆಮೇಲೆ ತಿಳಿಯಿತು. ಡೋರಮ್ಮ ಹುಟ್ಟಿದ್ದು ಬೆಂಗಳೂರು ದಂಡಿನಲ್ಲಿ. ಅಪ್ಪ ರೈಲ್ವೆಯಲ್ಲಿದ್ದ. ಕನ್ನಡ ಕಲಿತದ್ದು ಅಡುಗೆಮನೆಯಲ್ಲಿ, ಅಡುಗೆಯ ಮುನಿಯಮ್ಮನಿಂದ. ಹಾಗಾಗಿ ಆಕೆಗೆ ಬರುವ ಕನ್ನಡವೆಲ್ಲ ಬಾ, ಹೋಗು, ತಾ, ತೊಳಿ, ಮುಚ್ಚು, ಬೇಗ. ಯಾರನ್ನೂ ಬಹುವಚನದಲ್ಲಿ ಕರೆಯಲು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕನ್ನಡದಲ್ಲೇ ಪ್ರೀತಿ, ಆ ಕನ್ನಡದಲ್ಲೇ ಮರ್ಯಾದೆ.

"ಗೌಡ, ತಿನ್ನು. ಒಣಗಿಹೋಗಿದೀಯ. ಇನ್ನೂ ಹಾಕ್ಲಾ? ಬಾಯಿ ಮುಚ್ಕೊಂಡು ತಿನ್ನು" ಎನ್ನುತ್ತ ಬಡಿಸಿದಾಗ ನನಗೆ ನನ್ನ ಸೋದರತ್ತೆಯ ನೆನಪಾಯಿತು.

ಕಿಟಕಿಯ ಹಲಗೆ ಏನು ಎಂದು ಕೇಳಿದೆ. ಆಕೆಯ ಮುಖ ಬಿಗಿಯಾಯಿತು. ಊರಿನ ಪುರಸಭೆಯವರು ಈ ಎಂಟೂ ಮನೆ ಕೊಂಡು, ಕೆಡವಿ, ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಅದರಾಚೆ ಛಾವಣಿ ಹಾಕಿದ ಈಜುಕೊಳ. ಸಮುದ್ರ ಎದುರಿಗೇ ಇರುವಾಗ ಕೊಳ ಯಾಕೆ ಎಂದೆ. ಸಮುದ್ರ ತಣ್ಣಗಿದೆಯಂತೆ. ಕೊಂಡರೆ ಎಂಟನ್ನೂ ಕೊಳ್ಳುತ್ತಾರೆ, ಇಲ್ಲವಾದರೆ ಒಂದೂ ಬೇಡ, ಬೇರೆ ಕಡೆ ಕಟ್ಟಿಕೊಳ್ಳುತ್ತೇವೆ ಎಂದಿದ್ದಾರೆ. ಊರಿನವರ ಅಭಿಪ್ರಾಯ ಕೇಳಲು ಶನಿವಾರ ಟೌನ್ ಹಾಲಿನಲ್ಲಿ ಸಭೆ. "ಬೇಡ" ಎಂದು ಬರೆದ ಕೆಂಪು ಹಲಗೆಗಳನ್ನು ಮನೆ ಮನೆಗೆ ಹಂಚಿದ್ದು ಡೋರಮ್ಮನೇ.

"ಬೆಂಗ್ಳೂರಲ್ಲಿ ಒಂದ್ಸಲ ಎದ್ದೆ. ಎರಡು ಪೆಟ್ಟಿಗೆ ಕೊಟ್ರು, ಹೋಗು ಅಂದ್ರು, ಬಂದೆ" ಎಂದಳು, ಬಟ್ಟಲು ಒರೆಸುತ್ತ. "ಗಂಡ ಇಲ್ಲೇ ಸತ್ತ. ಈ ಮನೆ ನಂದು. ಈ ಸಲ ನಾನು ಏಳಲ್ಲ, ಗೌಡ. ಬೇರೆಯವರು ಏಳಲಿ."

ಸಾಲು ಮನೆಯವರು ಹೇಳಿದ್ದು

ನನಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ದಲ್ಲಾಳಿ ಕಂಡವರ ವ್ಯವಹಾರ ವಿಚಾರಿಸುತ್ತಾನೆ. ಡೋರಮ್ಮನನ್ನು ಕರೆದುಕೊಂಡು ಸಾಲಿನವರನ್ನೆಲ್ಲ ಮಾತಾಡಿಸಿ ಬಂದೆ. ದುಭಾಷಿ ಆಕೆಯೇ.

ಬಲಗಡೆ ಮನೆಯವನು ಕ್ಯಾಪ್ಟನ್. ಜೀವಮಾನವಿಡೀ ಹೊಳೆಯ ಒಂದು ದಡದಿಂದ ಇನ್ನೊಂದಕ್ಕೆ ಜನ ದಾಟಿಸುವ ದೋಣಿ ನಡೆಸಿದವನು; ಸಮುದ್ರವನ್ನು ಕಿಟಕಿಯಿಂದ ನೋಡಿದ್ದೇ ಹೆಚ್ಚು. ಪುರಸಭೆಯ ವಿಚಾರ ಕೇಳಿದ್ದೇ ತಡ, ಎದ್ದು ನಿಂತು, ಮೇಜು ಗುದ್ದಿ, ಕೆಂಪಾಗಿ, ಟೀ ಆರುವಷ್ಟು ಹೊತ್ತು ಭಾಷಣ ಮಾಡಿದ.

"ಏನಂತಾನಮ್ಮ?" ಎಂದೆ.

"ಬೇಡ ಅಂತಾನೆ" ಎಂದಳು ಡೋರಮ್ಮ.

ಎಡಗಡೆ ಅಕ್ಕತಂಗಿ ಇಬ್ಬರು. ಮದುವೆಯಾಗಿರಲಿಲ್ಲ. ನಾವು ಸತ್ತ ಮೇಲೆ ಏನಾದರೂ ಕಟ್ಟಿಕೊಳ್ಳಲಿ ಎಂದರು, ಒಬ್ಬಳು ಶುರು ಮಾಡಿ ಇನ್ನೊಬ್ಬಳು ಮುಗಿಸಿ. ಮೂಲೆಯ ಮನೆಯ ಕೆಳಗೆ ಮೀನು, ಆಲೂಗಡ್ಡೆ ಕರಿದು ಹಳೆಯ ಪೇಪರಿನಲ್ಲಿ ಕಟ್ಟಿಕೊಡುವವನು, ನಮ್ಮಲ್ಲಿ ಬೋಂಡ ಕಟ್ಟಿಕೊಡುವಂತೆ. ಕಾರು ಬಂದರೆ ಅವನಿಗೆ ವ್ಯಾಪಾರ ತಾನೇ? ಅವನ ಗಾಜಿನ ಮೇಲೂ ಕೆಂಪು ಹಲಗೆ. ಅವನೂ ಬೇಡ ಎಂದ.

ಆದರೆ ದನ ಮಾರುವವನ ಬಾಯಿ ನೋಡಬಾರದು, ಅವನು ಹಗ್ಗ ಹಿಡಿದ ಕೈ ನೋಡಬೇಕು. ಕ್ಯಾಪ್ಟನ್ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ಹತ್ತುತ್ತಿದ್ದ. ಅಕ್ಕತಂಗಿಯರ ಗೋಡೆ ತೇವ ಹೀರಿ ಹಪ್ಪಳದಂತೆ ಎದ್ದಿತ್ತು. ಎಂಟೂ ಮನೆಯಲ್ಲಿ ರೂಮು ಬಾಡಿಗೆಗಿತ್ತು, ಆದರೆ ಗಿರಾಕಿಯೇ ಇರಲಿಲ್ಲ. ಮಿಲ್ಲಿನವರಿಗೆ ಸ್ಟೇಷನ್ ಹತ್ತಿರದ ಅಗ್ಗದ ರೂಮು ಸಾಕು, ದುಡ್ಡಿದ್ದವರು ಈಗ ವಿಮಾನ ಹತ್ತಿ ಬಿಸಿಲಿರುವ ದೇಶಕ್ಕೆ ಹೋಗುತ್ತಾರೆ. ಸಂಜೆಯಾದರೆ ಮಾತ್ರ ಎಂಟೂ ಮನೆಯ ಎಲ್ಲ ಕೋಣೆಗಳಲ್ಲೂ ದೀಪ. ಮದುವೆ ಛತ್ರದ ಹಾಗೆ ಝಗಮಗ. ಒಂದು ಪರದೆಯ ಹಿಂದೆಯೂ ಒಂದು ತಲೆ ಆಡುವುದಿಲ್ಲ. ನಮ್ಮ ಮನೆ ತುಂಬಿದೆ ಎಂದು ಪಕ್ಕದ ಮನೆಯವರು ತಿಳಿಯಲಿ ಎಂದು ಒಬ್ಬೊಬ್ಬರೂ ಖಾಲಿ ಕೋಣೆಗೆ ದೀಪ ಹಾಕುತ್ತಿದ್ದರು.

ನಮ್ಮಲ್ಲಿ ಹೆದ್ದಾರಿ ಅಗಲ ಮಾಡಲು ಹುಣಸೆಮರ ಕಡಿಯುತ್ತೇವೆ ಎಂದಾಗಲೂ ಚಾವಡಿಯಲ್ಲಿ ಸಭೆ ಕೂಡಿತ್ತು. ಎಲ್ಲರೂ ಹಾರಾಡಿದರು, ಓವರ್‌ಸೀಯರನ ಅಪ್ಪ ಅಜ್ಜನನ್ನೆಲ್ಲ ಬೈದರು. ಕತ್ತಲಾದ ಮೇಲೆ ಒಬ್ಬೊಬ್ಬರೇ ಅವನ ಹಿತ್ತಿಲ ಬಾಗಿಲಿಗೆ ಹೋಗಿ ನಮ್ಮ ಮರಕ್ಕೆ ಎಷ್ಟು ಕೊಡುತ್ತೀರಿ ಎಂದು ವಿಚಾರಿಸಿಕೊಂಡು ಬಂದರು. ಹೀಗೆ ಊರು ನಡೆಯುತ್ತದೆ. ಈ ಜನಕ್ಕೆ ಬೈಯುವುದಕ್ಕೂ ಬರುವುದಿಲ್ಲ, ಇವರಿಗೆ ಹಿತ್ತಿಲ ಬಾಗಿಲೂ ಇಲ್ಲ. ಮುಂಬಾಗಿಲಲ್ಲಿ ಒಮ್ಮೆ ಹೇಳಿಬಿಟ್ಟರೆ ಸಾಯುವ ತನಕ ಅದನ್ನೇ ಹೇಳುತ್ತಿರಬೇಕು.

ಕ್ಯಾಪ್ಟನ್ನನ ಕೈ

ಒಂದು ದಿನ ಬೆಳಗ್ಗೆ ಕ್ಯಾಪ್ಟನ್ ಮತ್ತು ನಾನು ಸಮುದ್ರದ ಮುಂದಿನ ಬೆಂಚಿನಲ್ಲಿ ಕೂತಿದ್ದೆವು. ಡೋರಮ್ಮ ಅಂಗಡಿಗೆ ಹೋಗಿದ್ದಳು. ಬಿಸಿಲೂ ಇಲ್ಲ, ಸ್ನಾನವೂ ಇಲ್ಲ, ಹೆಗಲ ಮೇಲೆ ಯಾವಾಗಲೂ ಟವಲ್ಲು ಯಾಕೆ ಎಂದು ಅವನು ಸನ್ನೆಯಲ್ಲಿ ಕೇಳಿದ. ತೋರಿಸಿದೆ. ನಮ್ಮ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಟವಲ್ಲು ಮುಚ್ಚುತ್ತಾನೆ, ಕೆಳಗೆ ಕೈಯೊಳಗೆ ಕೈ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯದು. ಮಾರುವವನು ಕೊಳ್ಳುವವನಿಗೆ ಎಷ್ಟು ಹೇಳಿದ ಎಂಬುದನ್ನು ದಲ್ಲಾಳಿ ತನ್ನ ಹೆಂಡತಿಗೂ ಹೇಳುವ ಹಾಗಿಲ್ಲ.

ಅವನಿಗೆ ಬಹಳ ಹಿಡಿಸಿತು. ಅಭ್ಯಾಸಕ್ಕೆಂದು ಕೈ ಕೊಟ್ಟ. ಏನು ಕೇಳಲಿ? ಹಿಂದೆ ತಿರುಗಿ ಸಾಲಿನ ಕಡೆ ಗದ್ದ ಎತ್ತಿ, "ಹೌಸ್ ಕೀಪ್, ಫೈವ್. ಹೌಸ್ ಗೋ, ಒನ್" ಎಂದೆ.

ಕ್ಯಾಪ್ಟನ್ ಎದ್ದು ಕೂತ. ಮುಖ ಕೆಂಪಾಯಿತು. ಸಮುದ್ರದ ಕಡೆ ನೋಡುತ್ತ, ಎಂದಿಗೂ ಬಿಡುವುದಿಲ್ಲ ಎಂಬ ಅರ್ಥದ ಭಾಷಣ ಮತ್ತೆ ಶುರು ಮಾಡಿದ. ಭಾಷಣ ನಡೆಯುತ್ತಿರುವಂತೆಯೇ ಟವಲ್ಲಿನ ಕೆಳಗೆ ಅವನ ಕೈ ನನ್ನ ಕಿರುಬೆರಳೊಂದನ್ನು ಹಿಡಿಯಿತು. ಮುಳುಗುವವನು ಹಿಡಿದ ಹಾಗೆ ಹಿಡಿಯಿತು.

ಭಾಷಣ ಮುಗಿಸಿ ಎದ್ದು ಹೋಗುವಾಗ ಅವನ ಮಂಡಿ ಸ್ವಲ್ಪ ಹಗುರಾದಂತೆ ಕಂಡಿತು. ಅದನ್ನು ಅಕ್ಕತಂಗಿಯರು ಗಮನಿಸಿದರು. ಮಧ್ಯಾಹ್ನ ಅವರು ಬಂದರು, ಐದು ಒಂದರ ಲೆಕ್ಕ ಅವರಿಗೂ ಹೇಳಿದೆ. ಅಕ್ಕ ಕೈ ಒಳಗಿಡುವಾಗ ತಂಗಿ ಬೇರೆ ಕಡೆ ತಿರುಗಿದಳು, ತಂಗಿ ಇಡುವಾಗ ಅಕ್ಕ. ಇಬ್ಬರೂ ಒಂದೊಂದೇ ಬೆರಳು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಮರುದಿನ ನಾನು ಬೆಂಚಿಗೆ ಬರುವ ಹೊತ್ತಿಗೆ ಸರತಿ ಸಾಲು ನಿಂತಿತ್ತು. ಆ ದೇಶದಲ್ಲಿ ಇಬ್ಬರು ಒಂದೆಡೆ ನಿಂತರೆ ಮೂರನೆಯವನು ಯಾಕೆಂದು ಕೇಳದೆ ಹಿಂದೆ ನಿಲ್ಲುತ್ತಾನೆ. ಸಾಲು ಮನೆಯವರ ಹಿಂದೆ, ಮರಳಿನ ಮೇಲೆ ಮಕ್ಕಳಿಗೆ ಕತ್ತೆ ಸವಾರಿ ಮಾಡಿಸುವವನು ಕತ್ತೆ ಸಮೇತ, ಅವನ ಹಿಂದೆ ಇದೇನೆಂದೇ ತಿಳಿಯದ ಮಿಲ್ಲಿನ ಕೂಲಿಯವರು. ಕೂಲಿಯವನೊಬ್ಬ ಕೈ ಒಳಗೆ ಇಟ್ಟು, ಕಣ್ಣು ಮುಚ್ಚಿ, ನಾಲ್ಕು ಬೆರಳು ಹಿಡಿದು, ತೃಪ್ತಿಯಾಗಿ, ದುಡ್ಡು ಕೊಡಲು ಬಂದ. ಯಾವುದರ ಬಗ್ಗೆ ನಾಲ್ಕು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ದುಡ್ಡು ತೆಗೆದುಕೊಳ್ಳಲಿಲ್ಲ.

ಕೊನೆಗೆ ಡೋರಮ್ಮ ಬಂದಳು. "ಏನಾಟ ಇದು? ತಾ ಇಲ್ಲಿ" ಎಂದು ಕೈ ಒಳಗೆ ತೂರಿಸಿದಳು. ಲೆಕ್ಕ ಹೇಳಿದ್ದೇ ತಡ, ನನ್ನ ಐದೂ ಬೆರಳನ್ನು ಮುರಿಯುವ ಹಾಗೆ ಹಿಡಿದಳು.

ಎಂಟು ಮನೆಯಲ್ಲಿ ಏಳು ಹೋಗಬೇಕು ಅನ್ನುತ್ತವೆ, ಒಂದು ಮಾತ್ರ ಇರಬೇಕು ಅನ್ನುತ್ತದೆ. ಆ ಒಂದರ ಮುಖ ನೋಡಿ ಏಳೂ ಬಾಯಿ ಮುಚ್ಚಿಕೊಂಡಿವೆ. ಇದು ನನ್ನೊಬ್ಬನಿಗೇ ಗೊತ್ತು, ನಾನು ಹೇಳುವ ಹಾಗಿಲ್ಲ. (ಈಗ ಬರೆಯುತ್ತಿದ್ದೀಯಲ್ಲ ಎಂದು ಕೇಳಬೇಡಿ. ಊರಿನ ಹೆಸರು ಹೇಳಿಲ್ಲ. ಅಲ್ಲಿ ಕನ್ನಡ ಬರುವವಳು ಒಬ್ಬಳೇ, ಅವಳಿಗೂ ಕನ್ನಡದ ಅಕ್ಷರ ಬಾರದು.) ಸಭೆಯಲ್ಲಿ ಎಲ್ಲರೂ ಬೇಡ ಎಂದರೆ ಏಳು ಮನೆಯವರು ತೇವದ ಗೋಡೆಯ ನಡುವೆ ಖಾಲಿ ಕೋಣೆಗೆ ದೀಪ ಹಾಕುತ್ತ ಮುದುಕರಾಗುತ್ತಾರೆ. ಯಾರಾದರೂ ಒಬ್ಬರು ನಿಜ ಹೇಳಿದರೆ ಡೋರಮ್ಮನ ಮನೆಯೂ ಹೋಗುತ್ತದೆ. ಎಂಟೂ ಬೇಕು, ಇಲ್ಲವಾದರೆ ಒಂದೂ ಬೇಡ ಎಂದಿದ್ದಾರಲ್ಲ. ಅವತ್ತು ನನಗೆ ಊಟ ಸೇರಲಿಲ್ಲ. "ತಿನ್ನು" ಎಂದಳು. ತಿಂದೆ.

ಟೌನ್ ಹಾಲ್

ಶನಿವಾರ ಹಾಲು ತುಂಬಿತ್ತು. ಮುಂದೆ ಮೇಜಿನ ಮೇಲೆ ಹೊಸ ಊರನ್ನು ರಟ್ಟಿನಲ್ಲಿ ಮಾಡಿ ಇಟ್ಟಿದ್ದರು. ಬೆರಳುದ್ದದ ಮರ, ಬೆಂಕಿಪೊಟ್ಟಣದಂಥ ಕಾರು, ಮೇಲಿಂದ ಒಂದು ಬಲ್ಬು. ಆ ಊರಿನಲ್ಲಿ ನಾನು ಕಂಡ ಬಿಸಿಲು ಅದೊಂದೇ. ಪಕ್ಕದಲ್ಲಿ ಕೆಡವಬೇಕಾದ ಎಂಟು ಮನೆಯ ರಟ್ಟಿನ ಸಾಲು. ಅಧ್ಯಕ್ಷ ದಪ್ಪ ಕುತ್ತಿಗೆಯವನು, ಹುದ್ದೆಯ ಗುರುತಿಗೆ ಕೊರಳಲ್ಲಿ ಸರಪಳಿ ಹಾಕಿಕೊಂಡಿದ್ದ. ಕಸುಬಿನಲ್ಲಿ ಮಾಂಸದ ಅಂಗಡಿಯವನಂತೆ.

ಒಬ್ಬೊಬ್ಬರೂ ಎದ್ದು ಮಾತಾಡಿದರು. ಕ್ಯಾಪ್ಟನ್ ಮಾತಾಡಿದ, ಜನ ಚಪ್ಪಾಳೆ ತಟ್ಟಿದರು. ಅಕ್ಕತಂಗಿ ಮಾತಾಡಿದರು, ಕೆಲವರು ಕಣ್ಣೊರೆಸಿಕೊಂಡರು. ಡೋರಮ್ಮ ನನ್ನ ಕಿವಿಯಲ್ಲಿ "ಬೇಡ ಅಂತಾಳೆ. ಇವನೂ ಬೇಡ ಅಂತಾನೆ" ಎಂದು ಖುಷಿಯಲ್ಲಿ ಹೇಳುತ್ತಲೇ ಇದ್ದಳು. ಮಾತು ಮುಗಿಸಿ ಕೂತವರ ಮುಖ ಮಾತ್ರ ಹರಕೆಯ ಕುರಿಯ ಹಾಗಿತ್ತು. ಅಧ್ಯಕ್ಷ ಬೆವರೊರೆಸಿಕೊಂಡು ಏನೋ ಹೇಳಲು ಎದ್ದ. ಅಷ್ಟರಲ್ಲಿ ಟೀ ಬಂತು. ಆ ದೇಶದಲ್ಲಿ ಟೀ ಬಂದರೆ ಸಿಡಿಲು ಬಡಿದರೂ ಆಮೇಲೆ ನೋಡೋಣ ಎನ್ನುತ್ತಾರೆ. ಎಲ್ಲರೂ ಬಟ್ಟಲು ಹಿಡಿದು ಸರತಿಗೆ ನಿಂತರು.

ಅಧ್ಯಕ್ಷ ಒಬ್ಬನೇ ರಟ್ಟಿನ ಊರಿನ ಮುಂದೆ ನಿಂತಿದ್ದ. ನಾನು ಹೋಗಿ ಅವನ ಕೈ ಹಿಡಿದು ಟವಲ್ಲು ಮುಚ್ಚಿದೆ. ಅವನು ಬೆಚ್ಚಿದ. ನಾನು ರಟ್ಟಿನ ಸಾಲಿನ ಕಡೆ ಗದ್ದ ತೋರಿಸಿ, "ಹೌಸ್. ಹೌ ಮೆನಿ?" ಎಂದೆ. ಅವನು ಟವಲ್ಲು ನೋಡಿದ, ನನ್ನ ಮುಖ ನೋಡಿದ. ದನದ ಮಾಲು ಕೊಂಡು ಬಾಳಿದವನು, ಕೈಗೆ ಅರ್ಥವಾಯಿತು. ಮೊದಲು ಐದು ಬೆರಳು, ಆಮೇಲೆ ಮೂರು ಹಿಡಿದ. ಎಂಟು.

ನಾನು ಐದು ಕೊಟ್ಟೆ. ಅವನು ಛಾವಣಿ ನೋಡುತ್ತ ಎಂಟು ಎಂದ. ನಾನು ಬಾಗಿಲು ನೋಡುತ್ತ ಆರು ಎಂದೆ. ಅವನು ಕೈ ಬಿಡಿಸಿಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ಬಿಟ್ಟರೆ ವ್ಯಾಪಾರ ಹೋಯಿತು, ಇದು ಎಲ್ಲ ಸಂತೆಯಲ್ಲೂ ಒಂದೇ. ರಟ್ಟಿನ ಕಾರುಗಳ ನಡುವೆ ದುಂಡಗೆ ಒಂದು ಹೂವಿನ ತೊಟ್ಟಿ ಮಾಡಿಟ್ಟಿದ್ದರು, ಕಾರು ಸುತ್ತು ಹಾಕಿ ಹೊರಗೆ ಹೋಗಲು. ಎಡಗೈಯಿಂದ ಆ ತೊಟ್ಟಿ ಎತ್ತಿ ಪಕ್ಕಕ್ಕಿಟ್ಟು, ರಟ್ಟಿನ ಸಾಲಿನಿಂದ ಒಂದು ಮನೆ ಕಿತ್ತು ಅಲ್ಲಿ ನಿಲ್ಲಿಸಿದೆ. ಯಾರ ಮನೆ ಎಂದು ತೋರಿಸಲಿಲ್ಲ, ಕೈಗೆ ಸಿಕ್ಕಿದ್ದು ಕಿತ್ತೆ. ಅವನು ತುಂಬ ಹೊತ್ತು ಅದನ್ನೇ ನೋಡಿದ. ಆಮೇಲೆ ಐದು ಹಿಡಿದ. ಮತ್ತೆ ಎರಡು.

ಏಳು.

ಅವರ ಕಡೆ ದನದ ವ್ಯಾಪಾರ ಕುದುರಿದರೆ ಅಂಗೈಗೆ ಅಂಗೈ ಹೊಡೆಯುತ್ತಾರಂತೆ. ಟವಲ್ಲು ಕಿತ್ತೆಸೆದು ಅವನು ಹೊಡೆದ ಹೊಡೆತಕ್ಕೆ ಇಡೀ ಹಾಲು ಬಟ್ಟಲು ಹಿಡಿದುಕೊಂಡು ತಿರುಗಿತು.

ಅಧ್ಯಕ್ಷ ಮೇಜಿನ ಹಿಂದೆ ಹೋಗಿ ಗಂಟಲು ಸರಿ ಮಾಡಿಕೊಂಡ. ಏಳು ಮನೆ ಸಿಕ್ಕರೂ ಸಾಕು, ಒಂದನ್ನು ಬಿಡಬಹುದು, ಕಾರುಗಳಿಗೆ ಸುತ್ತು ಹಾಕಲು ನಡುವೆ ಏನಾದರೊಂದು ಹೇಗೂ ಬೇಕು ಎಂದ. ಆ ಒಂದು ಯಾವುದು ಎಂದು ನೀವೇ ಹೇಳಿ ಎಂದ.

ಏಳು ಮನೆಯವರೂ ತಂತಮ್ಮ ಬಟ್ಟಲಿನೊಳಗೆ ನೋಡುತ್ತಿದ್ದರು. ನಾನೇ ಮಂಡಿಯಿಂದ ಕ್ಯಾಪ್ಟನ್ನನ ಮಂಡಿ ತಿವಿದೆ. ಅವನು ಎದ್ದ. ಸುದೀರ್ಘವಾಗಿ ಮಾತಾಡಿದ. ಮುಗಿಸುವ ಹೊತ್ತಿಗೆ ಅಕ್ಕತಂಗಿಯರೂ ಎದ್ದು ನಿಂತರು, ಕರಿದ ಮೀನಿನವನೂ, ಉಳಿದವರೂ.

ಡೋರಮ್ಮ ಅಳುತ್ತಿದ್ದಳು. "ಏನಂತಾನಮ್ಮ?" ಎಂದೆ. ಆ ವಾರದಲ್ಲಿ ಅವಳು ಮಾಡಿದ ಉದ್ದನೆಯ ತರ್ಜುಮೆ ಅದೇ:

"ಡೋರಾ ಒಂದ್ಸಲ ಮನೆ ಬಿಟ್ಟವಳು, ಇನ್ನೊಂದ್ಸಲ ಬಿಡೋದು ಬೇಡ ಅಂತಾನೆ. ಡೋರಾಗೋಸ್ಕರ ನಮ್ಮನೆ ಕೊಡ್ತೀವಿ ಅಂತಾನೆ. ನೋಡು, ಎಲ್ಲಾರೂ ಕೊಡ್ತಾರಂತೆ. ನೋಡು ಗೌಡ."

"ನೋಡ್ತಾ ಇದ್ದೀನಮ್ಮ" ಎಂದೆ.

ಅಷ್ಟು ಜನ ಒಟ್ಟಿಗೆ ತಮಗೆ ಬೇಕಾದ್ದನ್ನು ಪಡೆದು, ಅದಕ್ಕೆ ಚಪ್ಪಾಳೆಯನ್ನೂ ಪಡೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಹೊರಗೆ ಬರುವಾಗ ಕ್ಯಾಪ್ಟನ್ ನನ್ನ ಕೈ ಕುಲುಕಿದ. ಟವಲ್ಲು ಇಲ್ಲದೆ, ಎಲ್ಲರೆದುರು. ಆದರೂ ಕಿರುಬೆರಳನ್ನು ಒಂದು ಸಲ ಹಿಂಡಿದ.

ಎರಡನೆಯ ಸಲ

ಮಗ್ಗದ ವ್ಯಾಪಾರ ಸೋಮವಾರ ಕುದುರಿತು. ಟೌನ್ ಹಾಲಿನ ಸುದ್ದಿ ಯಜಮಾನನ ಕಿವಿಗೂ ಬಿದ್ದಿತ್ತು. ಅವನೇ ಮೊದಲು ಕೈ ಚಾಚಿದ. ಎರಡು ವರ್ಷದ ಮೇಲೆ ಇನ್ನೊಂದಿಷ್ಟು ಮಗ್ಗಕ್ಕೆಂದು ಮತ್ತೆ ಹೋದಾಗ ಆ ಕಡಲೂರಿಗೂ ಹೋಗಿ ಬಂದೆ.

ಹೇಳಿದರೆ ನಂಬುವುದಿಲ್ಲ. ಕಣ್ಣು ಹಾಯುವಷ್ಟು ಡಾಂಬರು, ಕಾರುಗಳು, ಅವುಗಳ ನಡುವೆ ಎರಡೂ ಪಕ್ಕ ಬೋಳಾಗಿ, ಎತ್ತಿ ನಿಲ್ಲಿಸಿದ ಪುಸ್ತಕದ ಹಾಗೆ ಒಂದು ಮೂರು ಅಂತಸ್ತಿನ ಮನೆ. ಕಾರುಗಳು ಅದಕ್ಕೆ ಪ್ರದಕ್ಷಿಣೆ ಹಾಕಿ ಹೊರಗೆ ಹೋಗುತ್ತಿದ್ದವು. ಪಕ್ಕದ ಗೋಡೆಯಲ್ಲಿ ಅಕ್ಕತಂಗಿಯರ ಮನೆಯ ಹೂವಿನ ಕಾಗದ ಇನ್ನೂ ಅಂಟಿತ್ತು, ಮಳೆಯಲ್ಲಿ ನೆನೆಯುತ್ತ. ಅವರೆಲ್ಲ ಮೆಟ್ಟಿಲಿಲ್ಲದ ಪುಟ್ಟ ಮನೆಗಳಿಗೆ ಹೋಗಿ ಸುಖವಾಗಿದ್ದರು. ಕ್ಯಾಪ್ಟನ್ ಭಾನುವಾರ ಒಮ್ಮೊಮ್ಮೆ ಬರುತ್ತಾನಂತೆ. ಕಾರು ನಿಲ್ಲಿಸಲು ಡೋರಮ್ಮನ ಬಾಗಿಲಿಗೆ ಹತ್ತಿರದಲ್ಲೇ ಜಾಗ ಸಿಗುತ್ತದಂತೆ. ಸಂಜೆ ಆಕೆ ಎಲ್ಲ ಕೋಣೆಗೂ ದೀಪ ಹಾಕಿದಳು. ನೋಡಲು ಪಕ್ಕದ ಮನೆಯವರು ಯಾರೂ ಇರಲಿಲ್ಲ.

"ಸದ್ದು ಜಾಸ್ತಿ ಅಲ್ವಾಮ್ಮ?" ಎಂದೆ, ಕಾರುಗಳನ್ನು ತೋರಿಸಿ.

"ಇರಲಿ ಬಿಡು" ಎಂದಳು. "ಮನೆ ಇದೆ."

ಹೋಗುವವರಿಗೆ

ಬೆಚ್ಚಗಿನ ಒಳ ಅಂಗಿ ಎರಡು ತೆಗೆದುಕೊಂಡು ಹೋಗಿ, ಬೇಸಿಗೆ ಎಂಬ ಮಾತನ್ನು ನಂಬಬೇಡಿ. ಮಿಲ್ಲಿನ ಊರುಗಳಿಗೆ ಹೋಗುವ ಮುಂಚೆ ಅವರ ರಜಾ ವಾರ ಯಾವುದೆಂದು ವಿಚಾರಿಸಿಕೊಳ್ಳಿ. ಅಚ್ಚಾದ ಬೆಲೆಗೆ ಹೆದರಬೇಡಿ. ಕೇಳಿದರೆ ಅವರಿಗೆ ನಾಚಿಕೆಯಾಗುತ್ತದೆ, ನಾಚಿಕೆಯಾದರೆ ಬಿಡುತ್ತಾರೆ. ಊರು ಹೇಗೆ ಬದಲಾಗಬೇಕು ಎಂದು ಯಾರನ್ನಾದರೂ ಕೇಳುವುದಿದ್ದರೆ, ಪಕ್ಕದ ಮನೆಯವರು ಎದುರಿಗಿರುವಾಗ ಕೇಳಬೇಡಿ. ನಮ್ಮ ತಾಲ್ಲೂಕು ಕಚೇರಿಯವರಿಗೂ ನನ್ನ ಸಲಹೆ ಇದೇ.

ಕಾರುಗಳ ನಡುವೆ ಒಂಟಿ ಮನೆ ಕಂಡರೆ ಬಾಗಿಲು ತಟ್ಟಿ. ಹಿಂದಿನ ಕೋಣೆ ಕೇಳಿ, ಅಲ್ಲಿ ಸದ್ದು ಕಡಿಮೆ. ಆಕೆ ಟೀ ಕೊಟ್ಟು, ಒಂದು ಕಾಲದಲ್ಲಿ ಇಲ್ಲಿ ಎಂಟು ಮನೆ ಇತ್ತು, ಏಳು ಮನೆಯವರು ನನಗಾಗಿ ಮನೆ ಕೊಟ್ಟರು ಎಂದು ಶುರು ಮಾಡುತ್ತಾಳೆ. ಆ ಕಥೆ ಉದ್ದವಾಗಿದೆ. ನಡುವೆ ಬಾಯಿ ಹಾಕಬೇಡಿ, ಲೆಕ್ಕ ಕೇಳಬೇಡಿ. ಮುಗಿದಾಗ, "ಅಂಥಾ ಜನ ಈಗೆಲ್ಲಿ ಸಿಗ್ತಾರಮ್ಮ" ಅನ್ನಿ. ಅಷ್ಟು ಅಂದರೆ ಸಾಕು, ಬೆಳಗ್ಗೆ ನಿಮ್ಮ ತಟ್ಟೆಗೆ ಮೊಟ್ಟೆ ಎರಡು ಹಾಕುತ್ತಾಳೆ.